ಚೈನ್‌ಸಾ, ಕೋವಿ ಮತ್ತು ಹಿಂಸೆಯ ಲೆಕ್ಕ

ಮರ ಕೊಯ್ಯುವ ಚೈನ್‌ಸಾ, ಗುಂಡು ಹಾರಿಸುವ ಕೋವಿ, ಇವೆರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂದು ಕೇಳಿದರೆ ವೈದ್ಯರು ಗಾಯಗಳನ್ನು ಎಣಿಸುತ್ತಾರೆ, ಪೊಲೀಸರು ಪ್ರಕರಣಗಳನ್ನು ಎಣಿಸುತ್ತಾರೆ. ಧರ್ಮಚಿಂತನೆಯ ಲೆಕ್ಕವೇ ಬೇರೆ. ವಸ್ತುವನ್ನು ಯಾವ ಕೆಲಸಕ್ಕೆಂದು ಮಾಡಿದರು, ಹಿಡಿದವನ ಮನಸ್ಸು ಎಲ್ಲಿತ್ತು, ಮಾರಿದವನಿಗೂ ಎರವಲು ಕೊಟ್ಟವನಿಗೂ ಪಾಪದಲ್ಲಿ ಪಾಲಿದೆಯೇ, ಸತ್ತದ್ದು ಮರವಾದರೆ ಅದನ್ನು ಸಾವೆಂದು ಬರೆದುಕೊಳ್ಳಬೇಕೇ ಎಂದು ಅದು ಕೇಳುತ್ತದೆ. ಭಾರತದ ಧರ್ಮಗಳಲ್ಲಿ ಈ ಪ್ರಶ್ನೆಗಳನ್ನು ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ತಂದು ವಿಚಾರಿಸಿದ್ದು ಜೈನಧರ್ಮ. ಆ ವಿಚಾರ ಇಂದಿಗೂ ವ್ಯಾಪಾರದ ನಡುವೆಯೇ ಬದುಕಿರುವ ಜಾಗಗಳಲ್ಲಿ ಹೈದರಾಬಾದಿನ ಬೇಗಂ ಬಜಾರ್ ಒಂದು.

ಬೇಗಂ ಬಜಾರ್ ಮೂಸಿ ನದಿಯ ಉತ್ತರ ದಡದ ಹಳೆಯ ಸಗಟು ಪೇಟೆ. ಎರಡನೆಯ ನಿಜಾಮ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲವೆಂಬ ಕಾರಣಕ್ಕೆ ಆ ಹೆಸರು ಬಂತು. ಮಾರವಾಡ ಮತ್ತು ಗುಜರಾತಿನ ಕಡೆಯಿಂದ ಬಂದು ನೆಲೆಸಿದ ವರ್ತಕರಲ್ಲಿ ವೈಷ್ಣವರೂ ಇದ್ದಾರೆ, ಜೈನರೂ ಇದ್ದಾರೆ. ಒಣಹಣ್ಣು, ಮಸಾಲೆ, ಹಿತ್ತಾಳೆ ಮತ್ತು ಸ್ಟೀಲ್ ಪಾತ್ರೆ, ಹಾರ್ಡ್‌ವೇರ್ ಇಲ್ಲಿಂದ ಊರೂರಿಗೆ ಹೋಗುತ್ತವೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಕಡೆಯ ಕನ್ನಡ ವ್ಯಾಪಾರಿಗಳಿಗೆ ಹೈದರಾಬಾದಿನ ಪೇಟೆ ಹಳೆಯ ಪರಿಚಯ. ಚಾಕು, ಅಡಕೊತ್ತು, ಕುಡುಗೋಲು, ಕೊಡಲಿ, ಸರಪಳಿ ತೂಕದ ಲೆಕ್ಕದಲ್ಲಿ, ಡಜನ್ ಲೆಕ್ಕದಲ್ಲಿ ಕೈಬದಲಾಗುವ ಇಂಥ ಪೇಟೆಯಲ್ಲಿ ಒಬ್ಬ ಶ್ರದ್ಧಾವಂತ ಜೈನ ವರ್ತಕ ಕಬ್ಬಿಣದ ಅಂಗಡಿ ಇಡಬಹುದೇ ಎಂಬುದು ಬರಿಯ ತರ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ಬರೆದ ಯೋಗಶಾಸ್ತ್ರದಲ್ಲಿ ಗೃಹಸ್ಥರು ಬಿಡಬೇಕಾದ ಹದಿನೈದು ಕಸುಬುಗಳ ಪಟ್ಟಿಯಿದೆ. ಕರ್ಮಾದಾನಗಳೆಂದು ಅವಕ್ಕೆ ಹೆಸರು. ಇದ್ದಿಲು ಸುಡುವುದು, ಕಾಡು ಕಡಿಯುವುದು, ಗಾಣ ಆಡಿಸುವುದು, ದಂತದ ವ್ಯಾಪಾರ, ಕೆರೆ ಬತ್ತಿಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ವಿಷವಾಣಿಜ್ಯ ಎಂಬ ಶೀರ್ಷಿಕೆಯ ಕೆಳಗೆ ಹೇಮಚಂದ್ರರು ವಿಷದ ಜೊತೆಗೆ ಆಯುಧವನ್ನೂ, ನೇಗಿಲನ್ನೂ, ಯಂತ್ರವನ್ನೂ, ಕಬ್ಬಿಣವನ್ನೂ ಸೇರಿಸಿದ್ದಾರೆ. ನೇಗಿಲು ಮತ್ತು ಕತ್ತಿ ಒಂದೇ ಸಾಲಿನಲ್ಲಿ ನಿಂತಿರುವುದು ಇಂದಿನ ಓದುಗರಿಗೆ ಅತಿಯೆನಿಸಬಹುದು. ಆದರೆ ಅದು ಕಣ್ತಪ್ಪಿ ಬಂದದ್ದಲ್ಲ. ನೇಗಿಲು ನೆಲದೊಳಗಿನ ಜೀವಿಗಳನ್ನು ಸೀಳುತ್ತದೆ, ಕತ್ತಿ ನೆಲದ ಮೇಲಿನ ಜೀವಿಯನ್ನು ಸೀಳುತ್ತದೆ, ಮಾರುವವನಿಗೆ ಎರಡೂ ಗೊತ್ತಿರುತ್ತದೆ. ಶ್ವೇತಾಂಬರ ಶ್ರಾವಕರು, ಅಂದರೆ ಗೃಹಸ್ಥ ಜೈನರು, ತಪ್ಪುಗಳನ್ನು ಒಪ್ಪಿಕೊಂಡು ಪಶ್ಚಾತ್ತಾಪಪಡುವ ಪ್ರತಿಕ್ರಮಣದಲ್ಲಿ ಹೇಳುವ ವಂದಿತ್ತು ಸೂತ್ರದಲ್ಲಿ ಈ ಹದಿನೈದೂ ಹೆಸರಾಗಿ ಬರುತ್ತವೆ. ಅಂದರೆ ಪಟ್ಟಿ ಹಸ್ತಪ್ರತಿಯಲ್ಲಿ ಉಳಿದುಹೋದದ್ದಲ್ಲ, ವ್ಯಾಪಾರಿಯ ಬಾಯಲ್ಲೇ ಇದೆ.

ಕನ್ನಡ ನಾಡಿನ ದಿಗಂಬರ ಪರಂಪರೆ ಗೌರವಿಸುವ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಇದೇ ಮಾತನ್ನು ಇನ್ನೊಂದು ಬದಿಯಿಂದ ಹೇಳುತ್ತದೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪಗಳು ಐದು, ಅದರಲ್ಲಿ ಒಂದು ಹಿಂಸಾದಾನ: ಕೊಲ್ಲಲು ನೆರವಾಗುವ ವಸ್ತುವನ್ನು ಇನ್ನೊಬ್ಬನ ಕೈಗೆ ಕೊಡುವುದು. ಉದಾಹರಣೆಗೆ ಆಚಾರ್ಯರು ಹೆಸರಿಸುವವುಗಳಲ್ಲಿ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ ಸೇರಿವೆ. ಕೊಡಲಿಯೇ ಮೊದಲನೆಯದು, ಕತ್ತಿ ಅದರ ನಂತರ. ಈ ಸಾಲನ್ನು ಇಂದು ಮುಂದುವರಿಸಿದರೆ ಚೈನ್‌ಸಾ ಕೊಡಲಿಯ ಪಕ್ಕದಲ್ಲಿ, ಕೋವಿ ಕತ್ತಿಯ ಪಕ್ಕದಲ್ಲಿ ಬಂದು ನಿಲ್ಲುತ್ತವೆ.

ಬೌದ್ಧರ ವಿಂಗಡಣೆ ಬೇರೆ. ಅಂಗುತ್ತರ ನಿಕಾಯದ ಒಂದು ಪುಟ್ಟ ಸುತ್ತದಲ್ಲಿ ಬುದ್ಧ ಉಪಾಸಕರಿಗೆ ಐದು ವ್ಯಾಪಾರಗಳು ಸಲ್ಲವೆನ್ನುತ್ತಾನೆ: ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ. ಕೊಡಲಿಯೂ ನೇಗಿಲೂ ಅಲ್ಲಿಲ್ಲ. ಕೊಲ್ಲುವುದಕ್ಕೆಂದೇ ಇರುವ ವಸ್ತು ಬೇರೆ, ಕೆಲಸದ ನಡುವೆ ಕೊಂದುಬಿಡುವ ವಸ್ತು ಬೇರೆ ಎಂಬ ಗೆರೆಯನ್ನು ಬೌದ್ಧರು ಎಳೆದರು.

ಇಂದಿನ ಭಾರತದ ಕಾನೂನು ಬೌದ್ಧರ ಈ ಗೆರೆಗೆ ಹತ್ತಿರವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಆಕ್ರಮಣಕ್ಕೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ವಸ್ತುಗಳನ್ನು ಶಸ್ತ್ರವೆನ್ನುತ್ತದೆ. ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ಮಾತ್ರ ರೂಪಿಸಿದ್ದನ್ನು ಹೊರಗಿಡುತ್ತದೆ. ಹೀಗಾಗಿ ಕೋವಿಗೆ ಪರವಾನಗಿ ಬೇಕು, ಈ ಕಾಯ್ದೆಯ ಮಟ್ಟಿಗೆ ಚೈನ್‌ಸಾವನ್ನು ಬಿಲ್ಲು ಹಾಕಿಸಿಕೊಂಡು ಯಾರು ಬೇಕಾದರೂ ಒಯ್ಯಬಹುದು. ಅಪರಾಧ ನಡೆದುಹೋದ ಮೇಲೆ ಮಾತ್ರ ಕಾನೂನು ಜೈನರ ಕಡೆಗೆ ತುಸು ವಾಲುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮು ಗುಂಡು ಹಾರಿಸುವ, ಇರಿಯುವ, ಕೊಯ್ಯುವ ಸಾಧನಗಳ ಜೊತೆಗೆ, ಆಯುಧವಾಗಿ ಬಳಸಿದಾಗ ಸಾವು ತರಬಲ್ಲ ಯಾವುದೇ ಸಾಧನವನ್ನೂ ಅಪಾಯಕಾರಿಯೆಂದು ಎಣಿಸುತ್ತದೆ. ಅಂಗಡಿಯಲ್ಲಿರುವಾಗ ವಸ್ತುವಿನ ಉದ್ದೇಶ ಮುಖ್ಯ, ಏಟು ಬಿದ್ದ ಮೇಲೆ ಅದರ ಬಳಕೆ ಮುಖ್ಯ.

ಉದ್ದೇಶವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಎಲ್ಲಿ ಎಡವುತ್ತೇವೆಂಬುದಕ್ಕೆ ಬೇಗಂ ಬಜಾರಿನ ಎಷ್ಟೋ ಮನೆತನಗಳ ಮೂಲ ನಾಡಾದ ಮಾರವಾಡದ ಚರಿತ್ರೆಯೇ ಸಾಕ್ಷಿ. 1730ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಹನ ಕಟ್ಟಡದ ಕೆಲಸಕ್ಕೆ ಸೌದೆ ಬೇಕಾಗಿ ಆಳುಗಳು ಖೇಜಡಲಿ ಹಳ್ಳಿಗೆ ಹೋದರು. ಅಲ್ಲಿನ ಬಿಷ್ಣೋಯಿಗಳಿಗೆ ಹಸಿ ಮರ ಕಡಿಯುವುದು ಧರ್ಮಬಾಹಿರ. ಅಮೃತಾದೇವಿಯೆಂಬ ಹೆಂಗಸು ಮರವನ್ನು ಅಪ್ಪಿ ನಿಂತಳು, ಅವಳ ಹೆಣ್ಣುಮಕ್ಕಳು ನಿಂತರು, ಸುತ್ತಲ ಹಳ್ಳಿಗಳವರು ಬಂದು ನಿಂತರು. ಸತ್ತವರು 363 ಮಂದಿ. ಅವರ ಮೇಲೆ ಬಿದ್ದದ್ದು ಕತ್ತಿಯಲ್ಲ, ಸೌದೆ ಕಡಿಯಲು ತಂದ ಕೊಡಲಿ. ಯುದ್ಧಕ್ಕೆಂದು ಮಾಡದ ಉಪಕರಣವೊಂದು ಇಷ್ಟು ಜನರನ್ನು ಕೊಲ್ಲಲು ಸಾಕಾಯಿತು, ಅದಕ್ಕೆ ಬೇಕಾದದ್ದು ಒಂದು ಅಪ್ಪಣೆ ಮಾತ್ರ. ಸಮಂತಭದ್ರರು ಕೊಡಲಿಯ ಹೆಸರನ್ನು ಮೊದಲು ಹೇಳಿದ್ದು ಎಷ್ಟು ಸರಿಯೆಂದು ಖೇಜಡಲಿಯನ್ನು ನೆನೆದಾಗ ಮನಸ್ಸಿಗೆ ತಟ್ಟುತ್ತದೆ.

ಚೈನ್‌ಸಾದ ಹುಟ್ಟೂ ಉದ್ದೇಶದ ವಾದವನ್ನು ಜಟಿಲಗೊಳಿಸುತ್ತದೆ. ಹಲ್ಲಿನ ಸರಪಳಿಯಿಂದ ಕೊಯ್ಯುವ ಉಪಾಯ ಮೊದಲು ಹೊಳೆದದ್ದು ಮರ ಕಡಿಯುವವರಿಗಲ್ಲ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯರಿಗೆ. ಕೈಯಿಂದ ಎಳೆಯುವ ಆ ಸಣ್ಣ ಸರಪಳಿ ಗರಗಸ ಮೂಳೆ ಕೊಯ್ಯಲು, ಹೆರಿಗೆ ಕಟ್ಟಿದ ತಾಯಿಯನ್ನು ಉಳಿಸಲು ಬಳಕೆಯಾಯಿತು. ಮರಕ್ಕೆಂದು ಮೋಟಾರು ಹೂಡಿದ ಯಂತ್ರ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನದನ್ನೂ 1929ರಲ್ಲಿ ಪೆಟ್ರೋಲಿನದನ್ನೂ ತಯಾರಿಸಿದರು.

ಕೋವಿಯ ಉದ್ದೇಶವೂ ಎಲ್ಲ ಕಡೆ ಒಂದೇ ಅಲ್ಲ. ಕೊಡಗಿನ ಕಾಫಿ ತೋಟದ ಮನೆಯಲ್ಲಿ ನೆರಳು ಮರ ಸವರುವ ಚೈನ್‌ಸಾವೂ, ಗೋಡೆಯ ಮೇಲಿನ ಜೋಡಿ ನಳಿಗೆಯ ಕೋವಿಯೂ ಒಂದೇ ಸೂರಿನಡಿ ಇರುತ್ತವೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರ್ ಮೊದಲಲ್ಲಿ, ಗದ್ದೆಯ ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು ಒರೆಸಿ, ನಳಿಗೆಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿ, ಒಡಿಕತ್ತಿ ಪೀಚೆಕತ್ತಿಗಳ ಸಂಗಡ ಪೂಜೆಗಿಡುತ್ತಾರೆ. ಪೂಜೆಯ ನಂತರ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಇಲ್ಲಿ ಕೋವಿ ಕುಲದ ಗುರುತು, ಹಿರಿಯರ ನೆನಪು, ತೋಟಕ್ಕೆ ನುಗ್ಗುವ ಹಂದಿಯನ್ನು ಓಡಿಸುವ ಸಾಧನ. ಅದೇ ಕೋವಿ ಮಬ್ಬುಗತ್ತಲಲ್ಲಿ ಪೊದೆ ಅಲುಗಿದ ಕಡೆಗೆ ತಿರುಗಿ ಜೊತೆಯವನನ್ನೇ ಹಂದಿಯೆಂದು ಬಗೆದು ಕೊಂದ ಸುದ್ದಿಗಳೂ ಮಲೆನಾಡಿನ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.

ಉದ್ದೇಶವನ್ನು ಬದಿಗಿಟ್ಟು ಅಪಾಯ ಯಾರ ಕಡೆ ಮುಖ ಮಾಡಿದೆಯೆಂದು ನೋಡಿದರೆ ಎರಡು ಯಂತ್ರಗಳ ಅಂತರ ಹೆಚ್ಚು ಸ್ಪಷ್ಟವಾಗುತ್ತದೆ. ಚೈನ್‌ಸಾದ ಸರಪಳಿ ಸೆಕೆಂಡಿಗೆ 20 ಮೀಟರಿಗೂ ಮಿಕ್ಕಿ ಓಡುತ್ತದೆ. ಅಲಗಿನ ಮೂತಿಯ ಮೇಲ್ಭಾಗ ಅಡ್ಡ ಕೊಂಬೆಗೋ ಮರೆಯಲ್ಲಿದ್ದ ಗಂಟಿಗೋ ತಗುಲಿದರೆ ಹಲ್ಲುಗಳು ಮರವನ್ನು ಕಚ್ಚಿ ಹಿಡಿಯುತ್ತವೆ. ಮುಂದಕ್ಕೆ ಹೋಗಲಾಗದ ಅಷ್ಟೂ ಬಲ ಅಲಗನ್ನು ಮೇಲಕ್ಕೆ, ಹಿಂದಕ್ಕೆ, ಹಿಡಿದವನ ಮುಖ ಕುತ್ತಿಗೆಯ ಕಡೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ವ್ಯವಧಾನವಿರುವುದಿಲ್ಲ. ಎಡಗೈಯ ಮುಂದಿರುವ ತಡೆಪಟ್ಟಿಗೆ ಮಣಿಕಟ್ಟು ತಾಗಿ ಸರಪಳಿ ನಿಂತರೆ ಬಚಾವ್. ಹೆಲ್ಮೆಟ್ಟು, ಬೂಟು, ತೊಡೆಗೆ ಕಟ್ಟುವ ದಪ್ಪ ಕವಚ ಇರಬೇಕೆನ್ನುತ್ತದೆ ಕೈಪಿಡಿ. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ, ಹಗ್ಗವೊಂದರ ಭರವಸೆಯ ಮೇಲೆ ಸಿಲ್ವರ್ ಓಕ್ ಏರುವ ಕೂಲಿಯವನ ಮೈಮೇಲೆ ಅವು ಯಾವುವೂ ಇರುವುದಿಲ್ಲ. ಅವನ ಸುರಕ್ಷತೆಗೆ ಹಣ ಖರ್ಚು ಮಾಡದ ತೋಟದ ಯಜಮಾನನ ಮೇಲೂ ಈ ಹಿಂಸೆಯ ಒಂದು ಪಾಲು ಬರುತ್ತದೆ, ಇದನ್ನು ಹೇಳಲು ಯಾವ ಆಚಾರ್ಯರ ಆಧಾರವೂ ಬೇಕಿಲ್ಲ.

ಹೀಗೆ ಚೈನ್‌ಸಾ ಮೊದಲು ಬೆದರಿಸುವುದು ತನ್ನನ್ನು ಹಿಡಿದವನನ್ನೇ. ಅದರ ಸದ್ದು ಗುಡ್ಡದಾಚೆಗೂ ಕೇಳುತ್ತದೆ, ಭಾರ ತೋಳನ್ನು ಸೋಲಿಸುತ್ತದೆ, ಕೆಲಸವಿಡೀ ಅದು ತನ್ನ ಅಪಾಯವನ್ನು ಸಾರುತ್ತಲೇ ಇರುತ್ತದೆ. ಇನ್ನೊಬ್ಬನಿಗೆ ಅದರಿಂದ ಕೇಡು ಮಾಡಬೇಕಾದರೆ ಕೈಯಳತೆಯ ದೂರಕ್ಕೆ ಹೋಗಬೇಕು. ಕೋವಿಯ ಸ್ವಭಾವ ಇದರ ತಿರುವುಮುರುವು. ಅದು ಸುಮ್ಮನಿರುತ್ತದೆ. ನಳಿಗೆಯಿಂದ ಹೊರಟ ಛರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೋಗಿ ತಗುಲುವುದು ಎದುರಿಗಿದ್ದವನಿಗೆ. ಹಾರಿಸಿದವನಿಗೆ ಭುಜದ ಮೇಲಿನ ಒಂದು ತಳ್ಳು ಬಿಟ್ಟರೆ ಬೇರೇನೂ ಆಗುವುದಿಲ್ಲ. ತನ್ನ ಮೈಗೆ ನೋವಿಲ್ಲದೆ, ಎದುರಿನವನ ಮುಖ ಕಾಣದಷ್ಟು ದೂರದಿಂದ ಕೊಲ್ಲಬಹುದೆಂಬುದೇ ಕೋವಿ ಮನಸ್ಸಿಗೆ ಒಡ್ಡುವ ಅಪಾಯ.

ಅಂಕಿಗಳೂ ಇದನ್ನು ಅನುಮೋದಿಸುತ್ತವೆ. ಎರಡೂ ಯಂತ್ರಗಳು ಮನೆಮನೆಗಳಲ್ಲಿರುವ ಅಮೆರಿಕದಲ್ಲಿ ಚೈನ್‌ಸಾ ಗಾಯಕ್ಕೆ ವರ್ಷಕ್ಕೆ ಸುಮಾರು 28 ಸಾವಿರ ಮಂದಿ ತುರ್ತು ಚಿಕಿತ್ಸೆ ಪಡೆಯುತ್ತಾರೆ. ಹೆಚ್ಚಿನವು ಕೈ, ಕಾಲು, ಮೊಣಕಾಲಿನ ಗಾಯಗಳು, ಸಾವು ಅಪರೂಪ. 2021ರಲ್ಲಿ ಅದೇ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬುದು ತುಂಬ ನೋವಿನ ಸಂಗತಿ. ಬದುಕು ಸಾಕೆನಿಸುವ ಗಳಿಗೆ ಎಷ್ಟೋ ಜನರಿಗೆ ಬಂದು ಹೋಗುತ್ತದೆ, ಆ ಗಳಿಗೆ ದಾಟಿದವರಲ್ಲಿ ಬಹುಪಾಲು ಜನ ಮುಂದೆ ಬದುಕನ್ನೇ ಆರಿಸಿಕೊಳ್ಳುತ್ತಾರೆ. ಕೋವಿ ಕೈಗೆಟುಕುವಂತಿದ್ದರೆ ಯೋಚನೆಗೂ ಕೃತಿಗೂ ನಡುವಿನ ಬಿಡುವು ಇಲ್ಲವಾಗುತ್ತದೆ. ಪಶ್ಚಾತ್ತಾಪಕ್ಕೆ ಅವಕಾಶವಿರುವುದು ಧರ್ಮದ ಬದುಕಿನ ಜೀವಾಳವಾದ್ದರಿಂದ, ಆ ಅವಕಾಶವನ್ನೇ ಕಿತ್ತುಕೊಳ್ಳುವ ವಸ್ತುವನ್ನು ಉಳಿದ ಉಪಕರಣಗಳ ಸಾಲಿನಲ್ಲಿ ಇಡುವುದು ಸರಿಯಾಗಲಾರದು. ಈ ಮಟ್ಟಿಗೆ ಬೌದ್ಧರ ಗೆರೆಯೇ ನ್ಯಾಯವಾದದ್ದು.

ವಸ್ತು ಜಡ, ಪಾಪವೆಲ್ಲ ಮನಸ್ಸಿನದು ಎಂದು ಇದಕ್ಕೆ ಎದುರು ಹೇಳುವವರಿದ್ದಾರೆ. ಜೈನರೂ ಮನಸ್ಸಿಗೆ ದೊಡ್ಡ ಮಹತ್ವ ಕೊಟ್ಟಿದ್ದಾರೆ, ಆದರೆ ಅವರು ತಲುಪಿದ ತೀರ್ಮಾನ ಇದಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಹರಣವಾಗುವುದು ಹಿಂಸೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಕೊನೆಯವರೆಗೆ ಬೆಳೆಸುತ್ತಾರೆ. ಎಚ್ಚರದಿಂದ ನಡೆಯುವವನ ಕಾಲಡಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸೆ ಅಂಟುವುದಿಲ್ಲ, ಎಚ್ಚರಗೇಡಿಯಾಗಿ ನಡೆಯುವವನಿಂದ ಯಾವ ಜೀವಿಯೂ ಸಾಯದಿದ್ದರೂ ಅಂಟುತ್ತದೆ. ಈ ಮಾತನ್ನು ಕೋವಿಗೆ ಅನ್ವಯಿಸಿದರೆ, ತೋಟೆ ತುಂಬಿದ ಕೋವಿಯನ್ನು ಮಕ್ಕಳಿರುವ ಮನೆಯ ಮೂಲೆಯಲ್ಲಿ ಒರಗಿಸಿಟ್ಟವನು ಯಾರೂ ಸಾಯುವ ಮೊದಲೇ ಹಿಂಸೆ ಮಾಡಿದ್ದಾನೆ. ತಡೆಪಟ್ಟಿ ಮುರಿದ ಚೈನ್‌ಸಾವನ್ನು ಬಾಡಿಗೆಗೆ ಕೊಟ್ಟವನೂ ಅಷ್ಟೇ. ಅಪಘಾತ ಎಂಬ ಮಾತಿನ ಹಿಂದೆ ಅಡಗಿಕೊಳ್ಳಲು ಅಮೃತಚಂದ್ರರು ಜಾಗವನ್ನೇ ಬಿಟ್ಟಿಲ್ಲ.

ಆದರೂ ಗೃಹಸ್ಥನಿಗೆ ಬದುಕು ನಡೆಯಬೇಕು. ಅದಕ್ಕಾಗಿ ಜೈನ ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆ ಮಾಡಿದರು: ಬೇಕೆಂದೇ ಮಾಡುವ ಸಂಕಲ್ಪಿ, ಅಡುಗೆ ಮನೆಗೆಲಸದ ಆರಂಭಿ, ಕಸುಬಿನ ಉದ್ಯೋಗಿ, ಆತ್ಮರಕ್ಷಣೆಯ ವಿರೋಧಿ. ಶ್ರಾವಕ ಪೂರ್ತಿ ಬಿಡಬೇಕಾದದ್ದು ಮೊದಲನೆಯದನ್ನು, ಉಳಿದವನ್ನು ಆದಷ್ಟು ತಗ್ಗಿಸಬೇಕು. ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನಾಗಿ ಯುದ್ಧಗಳನ್ನು ಗೆದ್ದವನು. ಅಂಥವನನ್ನೂ ಪರಮ ಶ್ರಾವಕನೆಂದು ಕಾಣಲು ಈ ವಿಂಗಡಣೆ ಅವಕಾಶ ಕೊಡುತ್ತದೆ. ಗಡಿ ಕಾಯುವವನ ಬಂದೂಕು ವಿರೋಧಿ ಹಿಂಸೆಯ ಬಗೆಗೆ ಸೇರುತ್ತದೆ, ತೋಟದ ಚೈನ್‌ಸಾ ಉದ್ಯೋಗಿ ಹಿಂಸೆಯದು. ಬೇಟೆಯ ಮೋಜಿನ ಕೋವಿಗೆ ಸಂಕಲ್ಪಿ ಎಂಬ ಹೆಸರಲ್ಲದೆ ಬೇರೆ ಹೆಸರಿಲ್ಲ.

ಇಲ್ಲಿಯವರೆಗೆ ತಕ್ಕಡಿ ಕೋವಿಯ ಕಡೆ ತೂಗಿತು. ಸತ್ತ ಮರವನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಚೈನ್‌ಸಾದ ತಟ್ಟೆ ಕೆಳಗಿಳಿಯುತ್ತದೆ. ಜೈನ ದರ್ಶನದಲ್ಲಿ ಮರ ಏಕೇಂದ್ರಿಯ ಜೀವಿ, ಸ್ಪರ್ಶವೊಂದನ್ನು ಅರಿಯಬಲ್ಲದ್ದು. ಐದು ಇಂದ್ರಿಯಗಳೂ ಮನಸ್ಸೂ ಇರುವ ಮನುಷ್ಯನನ್ನು ಕೊಂದ ಪಾಪಕ್ಕೆ ಮರ ಕಡಿದ ಪಾಪ ಸಮವೆಂದು ಆ ದರ್ಶನ ಹೇಳುವುದಿಲ್ಲ. ಆದರೆ ಮರ ಒಂಟಿಯಾಗಿ ಸಾಯುವುದಿಲ್ಲ. ಹೆಜ್ಜೇನು, ಕೆಂಜಿರುವೆ, ಮರಕುಟಿಗನ ಪೊಟರೆಯೊಳಗಿನ ಮರಿ, ತೊಗಟೆಯಡಿಯ ಹುಳು, ಎರಡರಿಂದ ಐದು ಇಂದ್ರಿಯಗಳವರೆಗಿನ ಜೀವಿಗಳೆಲ್ಲ ಅದರ ಜೊತೆ ಉರುಳುತ್ತವೆ. ಕೊಡಲಿಯ ಕಾಲದಲ್ಲಿ ದೊಡ್ಡ ಮರವೊಂದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು, ಅಷ್ಟರಲ್ಲಿ ಊರಿನವರು ಬಂದು ತಡೆಯಲೂಬಹುದಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅಪ್ಪಿಕೋ ಚಳವಳಿ ಹುಟ್ಟಿತು. ಅಪ್ಪಿಕೊಳ್ಳಲು ಜನರಿಗೆ ದಾರಿ ನಡೆಯುವಷ್ಟು ಸಮಯ ಬೇಕು, ಯಂತ್ರ ಆ ಸಮಯವನ್ನು ಕೊಡುವುದಿಲ್ಲ. ಬೇಗಂ ಬಜಾರ್ ಇರುವ ನಗರದಲ್ಲೇ 2025ರ ಮಾರ್ಚ್ ಕೊನೆಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಗೆ ಯಂತ್ರಗಳು ಇಳಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೆಲಸ ನಿಲ್ಲಿಸುವ ಹೊತ್ತಿಗೆ ಎಕರೆಗಟ್ಟಲೆ ಮರಗಳು ನೆಲ ಕಚ್ಚಿದ್ದವು. ಅಲ್ಲಿ ಬಳಕೆಯಾದದ್ದು ಮುಖ್ಯವಾಗಿ ಜೆಸಿಬಿಗಳಾದರೂ ವಿಷಯ ಅದೇ: ಕೋವಿ ಮನುಷ್ಯನ ಕೋಪಕ್ಕೆ ಒದಗಿಸಿದ ವೇಗವನ್ನು ಈ ಯಂತ್ರಗಳು ಅವನ ಲಾಭಕ್ಕೆ ಒದಗಿಸಿವೆ.

ಹಿಂದೂ ಆಚರಣೆಯಲ್ಲಿ ಇವೆರಡನ್ನೂ ಒಟ್ಟಿಗೆ ನೋಡುವ ದಿನ ಆಯುಧಪೂಜೆ. ಮಹಾನವಮಿಯಂದು ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿಗೆ, ಫಿರಂಗಿಗೆ ಅರಿಸಿನ ಕುಂಕುಮವಾದರೆ ಗ್ಯಾರೇಜಿನಲ್ಲಿ ಸ್ಪ್ಯಾನರಿಗೆ, ಮರಕೊಯ್ಯುವವನ ಮನೆಯಲ್ಲಿ ಚೈನ್‌ಸಾಗೆ ಆಗುತ್ತದೆ. ಕೊಲ್ಲುವ ವಸ್ತುವನ್ನೂ ದುಡಿಯುವ ವಸ್ತುವನ್ನೂ ಒಂದೇ ಮಣೆಯ ಮೇಲಿಡುವ ಈ ಪೂಜೆಯಲ್ಲಿ ವಿವೇಚನೆಯಿಲ್ಲವೆಂದು ಟೀಕಿಸುವುದು ಸುಲಭ. ಆದರೆ ಆ ದಿನ ಅವುಗಳಿಂದ ಕೆಲಸ ಮಾಡಿಸುವಂತಿಲ್ಲ, ಹಿಡಿದವನು ಅವುಗಳ ಮುಂದೆ ಕೈಮುಗಿದು ನಿಲ್ಲಬೇಕು. ತನ್ನ ಕೈಯಲ್ಲಿರುವುದು ತನಗಿಂತ ದೊಡ್ಡ ಬಲವೆಂದು ವರ್ಷಕ್ಕೊಮ್ಮೆ ಒಪ್ಪಿಕೊಳ್ಳುವುದರಲ್ಲಿ ಅಪ್ರಮಾದದ ಬೀಜವಿದೆ. ಮರುದಿನ ಬನ್ನಿ ಪೂಜೆ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಕಟ್ಟಿಟ್ಟದ್ದು ಈ ಮರದ ಮೇಲೆ. ತೆಲುಗರು ಜಮ್ಮಿ ಎನ್ನುವ ಇದು ತೆಲಂಗಾಣದ ರಾಜ್ಯವೃಕ್ಷ. ಖೇಜಡಲಿಯಲ್ಲಿ 363 ಜನ ಪ್ರಾಣ ಕೊಟ್ಟದ್ದು ಇದೇ ಜಾತಿಯ ಮರಕ್ಕೆ, ಅಲ್ಲಿ ಇದು ಖೇಜಡಿ.

ಇನ್ನು ಉಳಿದದ್ದು ಮಾರುವವನ, ಕೊಡುವವನ ಹೊಣೆ. ಹೇಮಚಂದ್ರರು ಇಲ್ಲಿ ಒಂದು ಸಡಿಲಿಕೆ ಕೊಟ್ಟಿದ್ದಾರೆ. ಯಂತ್ರ, ನೇಗಿಲು, ಶಸ್ತ್ರ, ಬೆಂಕಿ, ಒನಕೆ, ಒರಳುಗಳನ್ನು ದಾಕ್ಷಿಣ್ಯದ ನಂಟಿಲ್ಲದವರಿಗೆ ಕೊಡಬಾರದು ಎನ್ನುತ್ತಾರೆ. ಬಂಧುವಿಗೆ, ನೆರೆಯವನಿಗೆ ಕೊಡಬಹುದು; ಅವನು ಏನು ಮಾಡಲಿದ್ದಾನೆಂದು ಕೊಡುವವನಿಗೆ ಗೊತ್ತೂ ಇರುತ್ತದೆ. ಮುಖ ಪರಿಚಯವಿಲ್ಲದ ಸಾವಿರಾರು ಗಿರಾಕಿಗಳ ಸಗಟು ಪೇಟೆಯಲ್ಲಿ ಈ ಅರಿವನ್ನು ವರ್ತಕ ಒಬ್ಬನೇ ಗಳಿಸಲಾರ, ಕಾನೂನು ನೆರವಾಗಬೇಕು. ಕೋವಿಯ ಮಟ್ಟಿಗೆ ಅದು ನೆರವಾಗಿದೆ: ಪರವಾನಗಿ ಒಬ್ಬನ ಹೆಸರಿಗಿರುತ್ತದೆ, ಚುನಾವಣೆ ಬಂದರೆ ಬೆಳೆ ಕಾಯುವ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕಾಗಬಹುದು. ಚೈನ್‌ಸಾದ ಮಟ್ಟಿಗೆ ಫಿಲಿಪ್ಪೀನ್ಸ್ ದೇಶ ಅಂಥದ್ದೇ ಕ್ರಮ ಕೈಗೊಂಡಿದೆ. 2002ರ ಅಲ್ಲಿನ ಚೈನ್‌ಸಾ ಕಾಯ್ದೆಯಂತೆ ಯಂತ್ರವನ್ನು ಕೊಳ್ಳಲು, ಇಟ್ಟುಕೊಳ್ಳಲು, ಆಮದು ಮಾಡಲು ಪರಿಸರ ಇಲಾಖೆಯ ಅನುಮತಿ ಬೇಕು, ಇಲ್ಲದೆ ಇಟ್ಟುಕೊಂಡರೆ ಜೈಲು. ಕಾಯ್ದೆಯ ಗುರಿ ಮನುಷ್ಯನ ಕೈಕಾಲಲ್ಲ, ಕಾಡು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೂ ತೆಲಂಗಾಣದಲ್ಲಿ 2002ರ ನೀರು, ನೆಲ, ಮರ ಕಾಯ್ದೆಯೂ ಮರ ಕಡಿಯುವವನು ಅನುಮತಿ ಪಡೆಯಬೇಕೆನ್ನುತ್ತವೆ. ಯಾವ ಮರ, ಯಾರ ಜಾಗ, ಏಕೆ ಎಂಬ ವಿಚಾರಣೆ ಆಗ ನಡೆಯುತ್ತದೆ. ಹೇಮಚಂದ್ರರ ಪ್ರಕಾರ ಆ ಪ್ರಶ್ನೆಗಳನ್ನು ಯಂತ್ರ ಕೈಬದಲಾಗುವ ಗಳಿಗೆಯಲ್ಲಿ, ಅಂಗಡಿಯ ಮುಂಗಟ್ಟೆಯಲ್ಲೇ ಕೇಳಬೇಕಾಗಿತ್ತು.